ದೊಡ್ಡವ್ವನ ಹಾಲಿಗೆ ಟೀವಿಯವರು ಬೆರೆಸಿದ ನೀರು

ನಮ್ಮ ಮನೆತನದಲ್ಲಿ ಡಿಗ್ರಿ ಎನ್ನುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ ಬಸವಣ್ಣ. ಒಂದು ಸಲ ಹೇಳಿ ಸುಮ್ಮನಾದವರಲ್ಲ. ಪಿಯುಸಿ ಪಾಸಾದಾಗ ಹೇಳಿದರು, ನಂಜನಗೂಡಿನ ಕಾಲೇಜಿಗೆ ಸೇರಿದಾಗ ಹೇಳಿದರು, ಅಲ್ಲಿ ಪತ್ರಿಕೋದ್ಯಮ ತೆಗೆದುಕೊಂಡಿದ್ದೇನೆ ಎಂದು ಗೊತ್ತಾದಾಗ ಜಗಲಿಯ ಮೇಲೆ ಕೂತು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು: "ಪೇಪರ್ನೋರು ಟೀವಿಯೋರು ಅಂದ್ರೆ ಊರೂರ್ ತಿರ್ಗೋ ಜನ. ನಮ್ ಎಣ್ಣೈಕ್ಳು ಅಂಗೆ ತಿರ್ಗಾಕಾಯ್ತದಾ? ಆಗಾಕಿಲ್ಲ ಕನವ್ವ. ಇದು ಆಗಾಕಿಲ್ಲ."

ಆಯಿತು. ಈಗ ಮೈಸೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರು ಕಳಿಸಿದ ಸುದ್ದಿ ತಿದ್ದುತ್ತೇನೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ಕಳೆದ ತಿಂಗಳು ಊರಿಗೆ ಹೊರಟಿದ್ದೆ. ತಿ. ನರಸೀಪುರದ ಸೇತುವೆಯ ಮೇಲೆ ಬಸ್ಸು ನಿಂತುಬಿಟ್ಟಿತು. ಮುಂದೆ ಹೋಗುತ್ತಿದ್ದ ಗಾಡಿಯಿಂದ ಹಾಲಿನ ಕ್ಯಾನು ಉರುಳಿ ರಸ್ತೆಯೆಲ್ಲ ಬೆಳ್ಳಗಾಗಿತ್ತು. ಕೆಳಗೆ ಹೊಳೆ ಕೆಂಪಗೆ, ದಡ ಮುಟ್ಟಿ ಹರಿಯುತ್ತಿತ್ತು. ಹೊಸ ನೀರಿನ ಕೆಸರು ವಾಸನೆಯೂ ಬಿಸಿಲಿಗೆ ಹುಳಿಯುತ್ತಿದ್ದ ಹಾಲಿನ ವಾಸನೆಯೂ ಒಟ್ಟಿಗೇ ಕಿಟಕಿಯಿಂದ ಒಳಗೆ ಬಂದವು. ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಕಂಡಕ್ಟರು "ಯಾಕವ್ವ, ಇಲ್ಲೇ ಇಳ್ದುಬುಟ್ಟಿಯಾ?" ಎಂದ. ಇಳಿಯುವುದೇನೂ ಇರಲಿಲ್ಲ. ನನ್ನ ಡಿಗ್ರಿಯ ಕೊನೆಯ ಮುಂಗಾರು ಮೈಯೊಳಗೆ ಎದ್ದು ಓಡಾಡತೊಡಗಿತ್ತು, ಅಷ್ಟೆ.

ಆ ವರ್ಷ ಆರನೇ ಸೆಮಿಸ್ಟರಿನಲ್ಲಿ ನಮಗೆಲ್ಲ ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ್ದರು. ಯಾವುದಾದರೂ ಪತ್ರಿಕೆಯಲ್ಲೋ ಚಾನೆಲ್ಲಿನಲ್ಲೋ ಕೆಲಸ ಮಾಡಿ, ಅವರ ಸಹಿ ಮತ್ತು ಸೀಲು ಇರುವ ಸರ್ಟಿಫಿಕೇಟು ತಂದುಕೊಡಬೇಕು. ಅದಿಲ್ಲದಿದ್ದರೆ ಮಾರ್ಕ್ಸ್ ಇಲ್ಲ, ಮಾರ್ಕ್ಸ್ ಇಲ್ಲದಿದ್ದರೆ ಡಿಗ್ರಿ ಇಲ್ಲ. ನಮ್ಮೂರು ಮೂಗೂರಿನ ರಸ್ತೆಯಿಂದ ಸ್ವಲ್ಪ ಒಳಗೆ. ತಿ. ನರಸೀಪುರಕ್ಕೆ ಬಸ್ಸು ಹತ್ತಿರ. ಅಲ್ಲಿ ಬಸ್ ನಿಲ್ದಾಣದ ಹಿಂದೆ, ಗೊಬ್ಬರದಂಗಡಿಯ ಮಹಡಿಯ ಮೇಲೆ ಒಂದು ಲೋಕಲ್ ಚಾನೆಲ್ ಇತ್ತು. ಸಂಜೆ ಕೇಬಲ್‌ನಲ್ಲಿ ಸುದ್ದಿ, ಆಮೇಲೆ ಅದೇ ಸುದ್ದಿ ಮೊಬೈಲಿನಲ್ಲಿ. ನಂಜನಗೂಡಿನಿಂದ ಈಚೆಗೆ ಹಳ್ಳಿ ಹಳ್ಳಿಯಲ್ಲೂ ಜನ ಅದನ್ನು ನೋಡುತ್ತಿದ್ದರು. ಯಾರ ಮನೆಯ ಗೃಹಪ್ರವೇಶ, ಯಾವ ರಸ್ತೆಯ ಗುಂಡಿ, ಯಾರು ಯಾವ ಪಾರ್ಟಿಗೆ ಹಾರಿದರು, ಎಲ್ಲ ಅದರಲ್ಲೇ ಗೊತ್ತಾಗಬೇಕು. ಅಲ್ಲಿಗೆ ಸೇರಿಕೊಂಡೆ.

ಚಾನೆಲ್ಲಿನ ಮುಖ್ಯಸ್ಥರು ಗುರುಪ್ರಸಾದ್ ಸರ್. ಮೇಷ್ಟರ ಮಗ, ಕನ್ನಡ ಎಂದರೆ ಪ್ರಾಣ. ನನ್ನನ್ನು ಮೊದಲ ದಿನವೇ ಕೂರಿಸಿಕೊಂಡು, "ಹಳ್ಳಿಯಿಂದ ಬಂದು ಇಷ್ಟು ಓದಿದ್ದೀಯಲ್ಲಮ್ಮ, ಶಭಾಷ್" ಎಂದಿದ್ದರು. ಕೊರಳಿಗೆ ಕೆಂಪು ದಾರದ ಐಡಿ ಕಾರ್ಡು ಕೊಟ್ಟರು. ಅದನ್ನು ಬಸ್ಸಿನಲ್ಲೂ ತೆಗೆಯುತ್ತಿರಲಿಲ್ಲ ನಾನು. ಊರಿನ ಸ್ಟಾಪಿನಲ್ಲಿ ಇಳಿದ ಮೇಲೂ ಮನೆ ಮುಟ್ಟುವ ತನಕ ಎದೆಯ ಮೇಲೇ ಇರುತ್ತಿತ್ತು.

ಜನ ಕ್ಯಾಮೆರಾ ಮುಂದೆ ಆಡುವ ಮಾತಿಗೆ ಅಲ್ಲಿ ಬೈಟ್ ಎನ್ನುತ್ತಾರೆ. ನನ್ನ ಕೆಲಸ ಬೈಟುಗಳನ್ನು ಕೇಳಿ ಬರೆದುಕೊಡುವುದು. ವಾರ ಕಳೆಯುವುದರೊಳಗೆ ಒಂದು ಪದ್ಧತಿ ಕಣ್ಣಿಗೆ ಬಿತ್ತು. ಶಾಸಕರ, ಸೊಸೈಟಿ ಅಧ್ಯಕ್ಷರ, ಮಠದ ಸ್ವಾಮಿಗಳ ಮಾತು ಕೆಮ್ಮಿನ ಸಮೇತ ಹಾಗೇ ಹೋಗುತ್ತಿತ್ತು. ಹಳ್ಳಿಯ ಹೆಂಗಸರ ಮಾತಾದರೆ ಧ್ವನಿ ತೆಗೆದು, ಮೇಲೆ ನಮ್ಮವರು ಒಳ್ಳೆಯ ಕನ್ನಡದಲ್ಲಿ ಓದುತ್ತಿದ್ದರು. ಪರದೆಯ ಮೇಲೆ ಹೆಂಗಸಿನ ಬಾಯಿ ಆಡುತ್ತದೆ, ಕೈ ಆಡುತ್ತದೆ, ಕೇಳುವುದು ಮಾತ್ರ ಸ್ಟುಡಿಯೋ ಧ್ವನಿ: "ಈ ಸಂದರ್ಭದಲ್ಲಿ ಮಹಿಳೆಯರು ತಮ್ಮ ಅಳಲನ್ನು ತೋಡಿಕೊಂಡರು." ಅವಳು ಅಳಲು ತೋಡಿಕೊಂಡಿರುವುದಿಲ್ಲ. ಪಂಚಾಯಿತಿಯವನಿಗೆ ಬೈದಿರುತ್ತಾಳೆ. ನಾನು ಒಂದು ಸಲ ಕೇಳಿದೆ.

"ಸರ್, ಅವರ ಮಾತೇ ಬಿಟ್ಟರೆ ಏನಾಗುತ್ತೆ?"

"ಜನಕ್ಕೆ ಅರ್ಥ ಆಗಬೇಕಲ್ಲಮ್ಮ. ಅವರು ಹತ್ತು ಮಾತು ಆಡ್ತಾರೆ, ಒಂದಕ್ಕೊಂದು ಸೇರಲ್ಲ. ಅವರ ಪರವಾಗಿ ನಾವು ಮಾತಾಡಬೇಕು."

ಕ್ಯಾಮೆರಾಮನ್ ರಾಚಪ್ಪಣ್ಣ ಕೆಳಗೆ ಟೀ ಕುಡಿಯುವಾಗ ಹೇಳಿದ, "ನಿಂಗಿದು ಈಗ ಗೊತ್ತಾಯ್ತಾ? ಬಡವ್ರು ಟೀವಿಲಿ ಮೂಕ್ರು ಕಣವ್ವ. ಅಳಾದಾದ್ರೆ ಮಾತ್ರ ಸೌಂಡು ಬುಡ್ತಾರೆ."

ನಕ್ಕೆವು. ನಗುವ ವಿಷಯವೆಂದೇ ಅಂದುಕೊಂಡಿದ್ದೆ.

ನಮ್ಮ ಮನೆಯಲ್ಲಿ ಹಸು ಕಟ್ಟಿದವರು ದೊಡ್ಡವ್ವ ನಿಂಗವ್ವ. ಅಪ್ಪ ಅವ್ವ ಗದ್ದೆಗೆ ಹೋದರೆ ನನ್ನನ್ನು ನೋಡಿಕೊಂಡವರೂ ಅವರೇ. ದೊಡ್ಡಪ್ಪ ಆಗದು ಎಂದಾಗಲೆಲ್ಲ ಹಾಲಿನ ದುಡ್ಡಿನಲ್ಲಿ ನನ್ನ ಬಸ್ ಪಾಸು ಮಾಡಿಸಿದವರು ಅವರು. ಮಾತು ಕಡಿಮೆ ಇಲ್ಲ, ಆದರೆ ಎಲ್ಲ ಮಾತನ್ನೂ ಹಸುವಿನ ಹತ್ತಿರ ಆಡುವ ಅಭ್ಯಾಸ. "ನೋಡವ್ವ ಗೌರಿ, ನಿಮ್ ಯಜಮಾನ್ರು ಎಣ್ಣೈಕ್ಳು ಓದ್ಬಾರ್ದು ಅಂತಾವ್ರೆ. ನೀನಾದ್ರೂ ಸರ್ಯಾಗ್ ಆಲ್ ಕೊಡು." ದೊಡ್ಡಪ್ಪ ಅಲ್ಲೇ ಕೂತಿರುತ್ತಿದ್ದರು.

ಆ ಮುಂಗಾರಿನಲ್ಲಿ ನಮ್ಮೂರ ಡೇರಿಯ ಹಾಲು ಪರೀಕ್ಷೆಯ ಮಿಷನ್ನು ಕೆಟ್ಟು ರಿಪೇರಿಗೆ ಹೋಗಿತ್ತು. ಸೆಕ್ರೆಟರಿ ಕುಮಾರ ಹಾಲಿಗೆ ಗಾಜಿನ ಲ್ಯಾಕ್ಟೋಮೀಟರ್ ಮುಳುಗಿಸಿ, ಅದು ತೋರಿಸಿದ ಡಿಗ್ರಿ ನೋಡಿ ಬಾಯಲ್ಲಿ ಹೇಳುವುದು, ಬರೆದುಕೊಳ್ಳುವುದು. ಎದುರಿಗಿದ್ದವರಿಗೆ ಆ ಗೆರೆ ಕಾಣುವುದಿಲ್ಲ. ಅವನು ಹೇಳಿದ್ದೇ ಡಿಗ್ರಿ. ಡೇರಿಯ ಎಲೆಕ್ಷನ್ನೂ ಹತ್ತಿರ ಬಂದಿತ್ತು. ಸದಸ್ಯರ ಸಭೆಯಲ್ಲಿ ದೊಡ್ಡವ್ವ ಎದ್ದು ನಿಂತು ಅಧ್ಯಕ್ಷರಿಗೆ, "ಮಿಸನ್ನು ರಿಪೇರಿಗ್ ಓಯ್ತೋ, ನೆಂಟ್ರ ಮನೆಗ್ ಓಯ್ತೋ?" ಎಂದು ಕೇಳಿಬಿಟ್ಟರು. ಸಭೆಗೆ ಸಭೆಯೇ ನಕ್ಕಿತಂತೆ. ಅಧ್ಯಕ್ಷರೂ ನಕ್ಕರಂತೆ.

ಮಾರನೆಯ ಬೆಳಿಗ್ಗೆಯಿಂದ ದೊಡ್ಡವ್ವನ ಹಾಲಿಗೆ ಡಿಗ್ರಿ ಬರಲಿಲ್ಲ. "ನೀರದೆ, ತಗಂಡೋಗಿ" ಎಂದು ಕುಮಾರ ಕ್ಯಾನನ್ನು ಪಕ್ಕಕ್ಕೆ ಸರಿಸಿದ. ಸಂಜೆಯೂ ಅದೇ. ಮತ್ತೆ ಬೆಳಿಗ್ಗೆಯೂ ಅದೇ. ಅಧ್ಯಕ್ಷರಿಗೆ ಎದುರಾಡಿದ ಇನ್ನೂ ಕೆಲವು ಹೆಂಗಸರ ಕ್ಯಾನೂ ಪಕ್ಕಕ್ಕೆ ಬಂದವು. ದುಡ್ಡು ಹೋದರೆ ಹೋಗಲಿ, ನಮ್ಮ ಕಡೆ ಹಾಲಿಗೆ ನೀರು ಬೆರೆಸಿದಳು ಎನ್ನುವುದು ಕಳ್ಳಿ ಎನ್ನುವುದಕ್ಕಿಂತ ಕೆಟ್ಟ ಮಾತು. ಕೊಟ್ಟಿಗೆ ಏಳಿಗೆಯಾಗುವುದಿಲ್ಲ ಎನ್ನುತ್ತಾರೆ. ದೊಡ್ಡಪ್ಪನಿಗೆ ಅವಮಾನ ತಡೆಯಲಾಗದೆ ನನ್ನ ಮೇಲೆ ಹಾಯ್ದರು: "ಆಲ್ಗೇ ಡಿಗ್ರಿ ಬತ್ತಿಲ್ಲ ಈ ಮನೇಲಿ, ಇನ್ನು ಇವ್ಳಿಗೆ ಬತ್ತದಾ?"

ಆ ಸಂಜೆ ಹೆಂಗಸರೆಲ್ಲ ಹಿತ್ತಿಲಿಗೆ ಬಂದರು. "ಕೂಸೇ, ನೀ ಟೀವಿಲಿದ್ದೀಯಲ್ಲ, ಕ್ಯಾಮ್ರಾ ತತ್ತಾ" ಎಂದರು. ಅವರ ಜೊತೆ ಕುಮಾರನ ತಾಯಿ ಕೆಂಪಮ್ಮನೂ ಬಂದಿದ್ದಳು. ಅವಳಿಗೂ ದೊಡ್ಡವ್ವನಿಗೂ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಸ್ನೇಹ.

"ನಿನ್ ಮಗನ್ ಮ್ಯಾಲೇ ಬಂದಿದ್ದೀಯಲ್ಲಾ ಕೆಂಪಿ" ಎಂದು ಯಾರೋ ಕೆಣಕಿದರು.

"ಮಗ ಅಂತ ಎತ್ತಿವ್ನಿ, ಅವ್ನ್ ಬಾಯ್ಗೆಲ್ಲ ನಾ ಜವಾಬ್ದಾರಿನಾ?" ಎಂದಳು. ಆಮೇಲೆ ಒಂದು ಉಪಾಯ ಹೇಳಿದಳು. ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಬೆಳಿಗ್ಗೆ ಸಣ್ಣಗೆ ಹನಿಯುತ್ತಿತ್ತು. ರಾಚಪ್ಪಣ್ಣನನ್ನು ಮೊದಲ ಬಸ್ಸಿಗೇ ಕರೆಸಿದ್ದೆ. ಡೇರಿಯ ಶೀಟಿನ ಕೆಳಗೆ ಸಾಲು. ಕ್ಯಾಮೆರಾ ಕಂಡು ಕುಮಾರ ತಲೆ ಬಾಚಿಕೊಂಡು ಬಂದ. "ಡೇರಿ ಬಗ್ಗೆ ಪ್ರೋಗ್ರಾಮಾ? ಚೆನ್ನಾಗ್ ಬರ್ಲಿ ಅಕ್ಕ" ಎಂದ. ನಾನು ಹೂಂ ಎಂದೆ. ದೊಡ್ಡವ್ವ ಕ್ಯಾನು ಇಟ್ಟರು. ಅವನು ಗಾಜನ್ನು ಮುಳುಗಿಸಿದ, ತಲೆಯಾಡಿಸಿದ. "ಇವತ್ತೂ ನೀರೇ ಕಣ್ ನಿಂಗತ್ತೆ. ಟೀವಿ ಮುಂದೆ ನಾನು ಸುಳ್ ಏಳಾಕಾಯ್ತದಾ?" ಆಮೇಲೆ ಅವನ ತಾಯಿಯ ಸರದಿ. ಗಾಜು ಮುಳುಗಿತು, ಎದ್ದಿತು. ಕುಮಾರ ಕ್ಯಾಮೆರಾ ಕಡೆ ತಿರುಗಿ ನಗುತ್ತಾ, "ನೋಡಿ, ಆಲು ಅಂದ್ರೆ ಇಂಗಿರ್ಬೇಕು. ನಮ್ಮವ್ವಂದು ಯಾವತ್ತೂ ಫಸ್ಟ್ ಕ್ಲಾಸು" ಎಂದ.

ಕೆಂಪಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಅದು ನಿಂಗಿ ಆಲು ಕಣ್ಲಾ. ನೀ ಈಗ ನೀರು ಅಂದೆಯಲ್ಲ, ಅದು ನಿಮ್ಮವ್ವಂದು. ಕರಿಯೋವಾಗ್ಲೇ ಬದ್ಲಾಯಿಸ್ಕಂಡಿವ್ನಿ."

ಶೀಟಿನ ಕೆಳಗೆ ಎದ್ದ ನಗುವಿಗೆ ಹೊರಗೆ ಕಟ್ಟಿದ್ದ ಹಸುಗಳು ಬೆದರಿದವು. ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕುಮಾರನ ಮುಖ ಮಾತ್ರ ಒಣಗಿದ ಹಲಸಿನ ಎಲೆಯಂತಾಯಿತು. ಎಲ್ಲವೂ ಕ್ಯಾಮೆರಾದಲ್ಲಿ ಬಿತ್ತು.

ಮಹಡಿಯ ಮೇಲೆ ಗುರುಪ್ರಸಾದ್ ಸರ್ ಅದನ್ನು ನೋಡಿ ಕುರ್ಚಿಯಲ್ಲೇ ಹಿಂದಕ್ಕೂ ಮುಂದಕ್ಕೂ ತೂಗಿ ನಕ್ಕರು. "ಅದ್ಭುತ ಕಣಮ್ಮ! ಇದು ಸುದ್ದಿ ಅಂದರೆ! ಸಂಜೆ ಮೊದಲನೇದಾಗಿ ಹಾಕೋಣ" ಎಂದರು. ಮಧ್ಯಾಹ್ನದ ಮೇಲೆ ಅವರಿಗೆ ಒಂದು ಫೋನು ಬಂತು. ಬಾಗಿಲು ಹಾಕಿಕೊಂಡು ಮಾತಾಡಿದರು. ನಮ್ಮ ಡೇರಿಯ ಅಧ್ಯಕ್ಷರು ಚಾನೆಲ್ಲಿಗೆ ಹಬ್ಬ ಹಬ್ಬಕ್ಕೂ ಶುಭಾಶಯದ ಜಾಹೀರಾತು ಕೊಡುವವರು ಎಂದು ನನಗೆ ಗೊತ್ತಿತ್ತು. ಹೊರಗೆ ಬಂದವರು ನನ್ನ ಮುಖ ನೋಡದೆ ಒಂದು ಹಾಳೆ ಕೊಟ್ಟರು. "ಇದನ್ನ ಓದಿ ರೆಕಾರ್ಡ್ ಮಾಡಮ್ಮ. ನಿನ್ನ ಧ್ವನೀಲಿ ಮೊದಲನೇ ಸ್ಟೋರಿ."

ಓದಿದೆ, ಮನಸ್ಸಿನಲ್ಲೇ. 'ಕಲಬೆರಕೆ ಹಾಲಿಗೆ ಕಡಿವಾಣ. ನೀರು ಬೆರೆಸುತ್ತಿದ್ದ ಮಹಿಳೆಯರಿಗೆ ಬಿಸಿ ಮುಟ್ಟಿಸಿದ ಡೇರಿ.'

"ಸರ್, ಇದು ಉಲ್ಟಾ ಅಲ್ವಾ?"

"ಸೂಕ್ಷ್ಮ ವಿಷಯ. ಎಲೆಕ್ಷನ್ ಸಮಯ."

"ಬೇಡ ಅಂದ್ರೆ ಹಾಕೋದೇ ಬೇಡ ಸರ್. ಸುಳ್ಳು ಯಾಕೆ ಹಾಕ್ಬೇಕು?"

"ಕ್ಯಾಮೆರಾ ಹೋಗಿದ್ದು ಊರಿಗೆಲ್ಲ ಗೊತ್ತು. ಏನೂ ಹಾಕದಿದ್ದರೆ ಮುಚ್ಚಿಟ್ಟರು ಅಂತಾರೆ. ನಾನು ಮುಚ್ಚಿಡ್ತಿಲ್ಲಮ್ಮ, ಎಡಿಟ್ ಮಾಡ್ತಿದ್ದೀನಿ."

ಹಾಳೆಯನ್ನು ಮೇಜಿನ ಮೇಲಿಟ್ಟೆ. "ನಾನು ಓದಲ್ಲ ಸರ್. ಅವರು ನಮ್ಮ ದೊಡ್ಡವ್ವ."

ಅವರಿಗೆ ನಿಜವಾಗಿ ಕಸಿವಿಸಿಯಾಯಿತು. "ಸಂಬಂಧಿಕರು ಅಂತ ಮೊದಲೇ ಹೇಳಬೇಕಿತ್ತು. ಪತ್ರಕರ್ತರಿಗೆ ಸಂಬಂಧ ಇರಬಾರದು" ಎಂದು ಹಾಳೆಯನ್ನು ಇನ್ನೊಬ್ಬ ಹುಡುಗಿಗೆ ಕೊಟ್ಟರು. ಅಧ್ಯಕ್ಷರ ಸಂಬಂಧದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ.

ಸಂಜೆ ಮನೆಯಲ್ಲಿ ಎಲ್ಲರೂ ಟೀವಿ ಮುಂದೆ ಕೂತಿದ್ದರು. ನಾನು ಮನೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ಆಮೇಲೆ ಮೊಬೈಲಿನಲ್ಲಿ ನೋಡಿದೆ. ದೊಡ್ಡವ್ವ ಹೊಟ್ಟೆ ಹಿಡಿದು ನಗುತ್ತಿದ್ದ ಆ ಚಿತ್ರವನ್ನೇ ನಿಲ್ಲಿಸಿ, ಮುಖದ ಸುತ್ತ ಕೆಂಪು ವೃತ್ತ ಹಾಕಿದ್ದರು. ಧ್ವನಿ ಇಲ್ಲ. ಮೇಲೆ ಓದಿದ್ದು ಆ ಹಾಳೆ. ನೋಡಿದವರಿಗೆ ಕಂಡಿದ್ದು, ನೀರು ಬೆರೆಸಿ ಸಿಕ್ಕಿಬಿದ್ದರೂ ಹಲ್ಲು ಬಿಡುತ್ತಿರುವ ಒಬ್ಬ ಹೆಂಗಸು.

ಊರಿನಲ್ಲಿ ಇದ್ದವರಿಗೆ ನಿಜ ಗೊತ್ತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಆ ಬೆಳಿಗ್ಗೆ ಡೇರಿಯಲ್ಲಿ ನಿಂತು ನಕ್ಕ ಹೆಂಗಸರಲ್ಲೇ ಕೆಲವರು, "ಟೀವಿಲಿ ಬಂದದೆ ಅಂದ್ಮ್ಯಾಕೆ ಏನೋ ಇದ್ದಾತು" ಎನ್ನತೊಡಗಿದರು. ಕಣ್ಣಲ್ಲಿ ಕಂಡದ್ದಕ್ಕಿಂತ ಪರದೆಯಲ್ಲಿ ಕಂಡದ್ದಕ್ಕೆ ಬಲ ಜಾಸ್ತಿ. ಡೇರಿ ಬಿಟ್ಟ ಹಾಲನ್ನು ಕೊಳ್ಳುತ್ತಿದ್ದ ಮೂಗೂರಿನ ಟೀ ಹೋಟೆಲಿನವನೂ ದೊಡ್ಡವ್ವನ ಹಾಲು ಬೇಡವೆಂದ. ಕವಲಂದೆಯಿಂದ ದೊಡ್ಡವ್ವನ ತಮ್ಮ ಫೋನು ಮಾಡಿ, "ಯಾಕಕ್ಕ ಇಂಗ್ ಮಾಡ್ಕಂಡೆ?" ಎಂದ. ಕೆಂಪಮ್ಮನ ಜೊತೆ ಮಗ ಮನೆಯಲ್ಲಿ ಮಾತು ಬಿಟ್ಟ. ದೊಡ್ಡವ್ವ ನನಗೆ ಏನೂ ಅನ್ನಲಿಲ್ಲ. ಹಸುವಿಗೂ ಏನೂ ಅನ್ನಲಿಲ್ಲ. ಹಾಲು ಕರೆಯುವ ಸದ್ದು ಮಾತ್ರ ಕೇಳುತ್ತಿತ್ತು.

ಆ ದಿನಗಳಲ್ಲಿ ನಾನು ಎಲ್ಲೂ ನೆಟ್ಟಗೆ ಕೂತದ್ದು ನೆನಪಿಲ್ಲ. ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದೆ. ಕೆಲಸ ಬಿಟ್ಟುಬಿಡಲೇ ಎಂದರೆ ಸರ್ಟಿಫಿಕೇಟು. ಬಿಡದಿದ್ದರೆ ದೊಡ್ಡವ್ವನ ಮುಖ. ಐಡಿ ಕಾರ್ಡು ಬ್ಯಾಗಿನೊಳಗೆ ಹೋಯಿತು. ಸ್ಟಾಪಿನಿಂದ ಮನೆಗೆ ಗದ್ದೆಯ ಬದುವಿನ ಮೇಲೆ ಬರುತ್ತಿದ್ದೆ. ಬೀದಿಯಲ್ಲಿ ಬಂದರೆ ಯಾರಾದರೂ ಟೀವಿ ಎನ್ನುತ್ತಿದ್ದರು.

ಮಳೆ ಜೋರಾಯಿತು. ಮೇಲೆ ವಯನಾಡಿನಲ್ಲಿ ಸುರಿದು ಕಬಿನಿ ತುಂಬಿ ನೀರು ಬಿಟ್ಟರು. ಪ್ರತಿವರ್ಷ ಹೊಳೆ ಉಕ್ಕಿದಾಗ ನಮ್ಮ ಚಾನೆಲ್ಲು ಸಂಗಮದಿಂದ ಲೈವ್ ಮಾಡುತ್ತದೆ. ನಾನು ಮೈಕು ಹಿಡಿದು ಜನರನ್ನು ಮಾತಾಡಿಸಬೇಕು ಎಂದು ಸರ್ ಹೇಳಿದರು. "ನೀರಿನ ಬಗ್ಗೆ ಮಾತ್ರ ಕೇಳು. ಎಷ್ಟು ಬಂದಿದೆ, ಹೇಗನ್ನಿಸುತ್ತೆ, ಸಾಕು. ಇದು ಸರಿಯಾಗಿ ಮಾಡು, ಸರ್ಟಿಫಿಕೇಟು ರೆಡಿ ಮಾಡಿಸ್ತೀನಿ."

ಆ ಸಂಜೆ ಕೊಟ್ಟಿಗೆಯಲ್ಲಿ ದೊಡ್ಡವ್ವನಿಗೆ ಹೇಳಿದೆ. ಸುಮ್ಮನೆ, ಏನಾದರೂ ಮಾತಾಡಬೇಕಲ್ಲ ಎಂದು.

"ಲೈವು ಅಂದ್ರೇನವ್ವ?"

"ಅಲ್ಲಿ ಆಡಿದ್ದು ಆಗಲೇ ಹೋಗುತ್ತೆ ದೊಡ್ಡವ್ವ. ಆಫೀಸಿಗೆ ತಂದು ಕತ್ತರಿಸೋ ಹಾಗಿಲ್ಲ."

ಕೆಚ್ಚಲಿನಿಂದ ಕೈ ತೆಗೆದರು. "ಕತ್ರಿಸಾಕೆ ಆಗಾಕಿಲ್ವಾ?"

"ಇಲ್ಲ."

"ಆಡಿದ್ದು ಆಡ್ದಂಗೆಯಾ?"

"ಹೂಂ."

ಮತ್ತೆ ಕರೆಯತೊಡಗಿದರು. ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಸಂಗಮದ ಹತ್ತಿರ ಜನವೋ ಜನ. ಕಾವೇರಿಯ ಕಡೆ ನೀರು ತಿಳಿ, ಕಬಿನಿಯ ಕಡೆ ಕೆಂಪು. ಎರಡೂ ಪಕ್ಕಪಕ್ಕದಲ್ಲಿ ನುಗ್ಗುತ್ತಿದ್ದವು. ಕೆಳಗಿನ ಮೆಟ್ಟಿಲೆಲ್ಲ ಮುಳುಗಿ ಪೊಲೀಸಿನವರು ಹಗ್ಗ ಕಟ್ಟಿದ್ದರು. ಜೋಳ ಸುಡುವವನು ಕೊಡೆಯ ಕೆಳಗೆ ವ್ಯಾಪಾರ ಇಟ್ಟಿದ್ದ. ಲೈವ್ ಶುರುವಾಯಿತು. ರಾಚಪ್ಪಣ್ಣನ ಕ್ಯಾಮೆರಾ, ಅವನ ಹಿಂದೆ ಸರ್, ಮುಂದೆ ನಾನು. ಒಬ್ಬ ಮೇಷ್ಟರು ನೀರಿನ ಬಗ್ಗೆ ಹೇಳಿದರು. ಒಬ್ಬ ಯುವಕ ಸೆಲ್ಫಿ ಬಗ್ಗೆ ಹೇಳಿದ. ಮೂರನೆಯವರಿಗೆ ಮೈಕು ಹಿಡಿಯಲು ತಿರುಗಿದರೆ ದೊಡ್ಡವ್ವ. ಕೆಂಪು ಅಂಚಿನ ಒಳ್ಳೆಯ ಸೀರೆ, ಹಣೆಗೆ ವಿಭೂತಿ, ಪಕ್ಕದಲ್ಲಿ ಕೆಂಪಮ್ಮ.

ಸರ್ ಕ್ಯಾಮೆರಾ ಹಿಂದಿನಿಂದ ಅವರ ಗುರುತು ಹಿಡಿದರು. ಬೇಡ ಬೇಡ ಎಂದು ನನಗೆ ಕೈ ಆಡಿಸಿದರು. ಮೈಕು ನನ್ನ ಕೈಯಲ್ಲಿತ್ತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜೋಳ ಸುಡುವವನಿಗೆ ಹಿಡಿದಿದ್ದರೆ ನನ್ನ ಸರ್ಟಿಫಿಕೇಟು ಮೇಜಿನ ಮೇಲೆ ಬಂದಂತೆಯೇ. ನಾನು ಮೈಕನ್ನು ದೊಡ್ಡವ್ವನ ಬಾಯಿಗೆ ಹಿಡಿದೆ.

"ನಾನು ನಿಂಗವ್ವ" ಎಂದರು. ದನಿ ಗಟ್ಟಿಯಾಗಿತ್ತು. "ಮೊನ್ನೆ ಇದೇ ಟೀವಿಲಿ ಮಕದ್ ಸುತ್ತ ಕೆಂಪ್ ಬಳೆ ಆಕಿ, ಆಲ್ಗೆ ನೀರ್ ಬೆರ್ಸೋಳು ಅಂತ ತೋರ್ಸಿದ್ರಲ್ಲಾ, ಆಯಮ್ಮ ನಾನೇಯ. ನಾನು ಬೆರ್ಸಿಲ್ಲ. ಮಾದಪ್ಪನಾಣೆ, ನನ್ ಕೊಟ್ಗೆ ಆಣೆ. ನನ್ ಆಲ್ನ ಕೆಂಪಿ ಎಸ್ರಲ್ಲಿ ಆಕುದ್ರೆ ಫಸ್ಟ್ ಕ್ಲಾಸಂತೆ, ನನ್ ಎಸ್ರಲ್ಲಿ ಆಕುದ್ರೆ ನೀರಂತೆ. ಅಧ್ಯಕ್ಸ್ರನ್ನ ಮಿಸನ್ ಎಲ್ಲಿ ಅಂತ ಕೇಳಿದ್ದೇ ನಾ ಮಾಡಿದ್ ತಪ್ಪು. ನನ್ ನಗ ತೋರ್ಸಿದ್ರಿ, ನನ್ ಮಾತ್ಯಾಕೆ ತೋರ್ಸ್ಲಿಲ್ಲ? ಬಳೆ ಆಕಾದಾದ್ರೆ ಸುಳ್ ಬರ್ದೋನ್ ಮಕಕ್ಕೆ ಆಕಿ!"

ಸುತ್ತಲಿದ್ದವರು ಹೋ ಎಂದರು. ಕೆಂಪಮ್ಮ ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು. "ಆ ಸೆಕ್ರೆಟ್ರಿ ನನ್ ಮಗ. ನಾನೇ ಏಳ್ತಾ ಇವ್ನಿ..."

ಅಷ್ಟರಲ್ಲಿ ಸರ್ ಫೋನಿನಲ್ಲಿ ಆಫೀಸಿಗೆ ಏನೋ ಕಿರುಚಿದರು. ಜನರ ಕೈಯಲ್ಲಿದ್ದ ಮೊಬೈಲುಗಳಲ್ಲಿ ಹೊಳೆ ಹೋಗಿ ಜಾಹೀರಾತು ಬಂತು. ರಾಚಪ್ಪಣ್ಣ ಮಾತ್ರ ಕ್ಯಾಮೆರಾ ಇಳಿಸಲಿಲ್ಲ. ಎಲ್ಲಿಗೂ ಹೋಗದ ಮಾತನ್ನು ಕೆಂಪಮ್ಮ ಮುಗಿಸುವ ತನಕ ಹಿಡಿದುಕೊಂಡೇ ನಿಂತಿದ್ದ.

ಮಾರನೆಯ ದಿನ ಆಫೀಸಿಗೆ ಬರಬೇಡ ಎಂದು ಸಂದೇಶ ಬಂತು. ಸರ್ಟಿಫಿಕೇಟು ಕೇಳಿದರೆ ಉತ್ತರವಿಲ್ಲ. ಕಾಲೇಜಿನ ಮೇಡಂ ಒಳ್ಳೆಯವರು, ಆದರೆ ಅವರ ಕೈಯಲ್ಲೂ ಏನಿಲ್ಲ. "ನೀನು ಮಾಡಿದ್ದು ಸರಿ ಅಂತ ನನಗೆ ಗೊತ್ತು ಶೈಲಾ. ಯೂನಿವರ್ಸಿಟಿಗೆ ಬೇಕಾಗಿರೋದು ಸೀಲು" ಎಂದರು. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಎಷ್ಟು ಸಲ ಓಡಾಡಿದೆನೋ. ಗೊಬ್ಬರದಂಗಡಿಯ ಮೆಟ್ಟಿಲ ಕೆಳಗೆ ನಿಂತು, ಮೇಲೆ ಹತ್ತಲಾರದೆ ವಾಪಸು ಬಂದದ್ದೂ ಉಂಟು. ದೊಡ್ಡಪ್ಪ ಈಗ ಜಗಲಿಯಿಂದ ಏನೂ ಹೇಳುತ್ತಿರಲಿಲ್ಲ. ಅದು ಇನ್ನೂ ಹಿಂಸೆ.

ಆದರೆ ಲೈವ್ ಕತ್ತರಿಸುವ ಮೊದಲು ಯಾರೋ ಅದನ್ನು ಮೊಬೈಲಿನಲ್ಲಿ ಉಳಿಸಿಕೊಂಡಿದ್ದರು. ಆ ತುಂಡು ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹಾರಿತು. ಊರಿನ ಡೇರಿಗೆ ರಿಪೇರಿಯಾದ ಮಿಷನ್ನು ಸದ್ದಿಲ್ಲದೆ ವಾಪಸು ಬಂತು. ದೊಡ್ಡವ್ವನ ಹಾಲನ್ನು ಕುಮಾರ ತಲೆ ಎತ್ತದೆ ಅಳೆದುಕೊಂಡ. ಇನ್ನೇನು ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ಚಾನೆಲ್ಲಿನವರೇ ಆ ವಿಡಿಯೋ ಹಾಕಿದರು.

ತಲೆಬರಹ, 'ಟೀವಿಯವರಿಗೇ ಬೆಂಡೆತ್ತಿದ ಹಳ್ಳಿ ಅಜ್ಜಿ! ಕೊನೆವರೆಗೂ ನೋಡಿ, ನಕ್ಕು ನಕ್ಕು ಸಾಕಾಗುತ್ತೆ.' ಅದರಲ್ಲಿ ಡೇರಿ ಇರಲಿಲ್ಲ. ಅಧ್ಯಕ್ಷರು ಇರಲಿಲ್ಲ. ಆಣೆ ಇರಲಿಲ್ಲ, ಹಾಲೇ ಇರಲಿಲ್ಲ. "ನಾನು ನಿಂಗವ್ವ" ಎನ್ನುವುದು, ಆಮೇಲೆ "ಬಳೆ ಆಕಾದಾದ್ರೆ" ಎನ್ನುವ ಕಡೆಯ ಮಾತು, ಅದನ್ನೇ ಮತ್ತೆ ಮತ್ತೆ ಕುಣಿಸಿ, ಹಿಂದೆ ಪುಂಗಿ ಸಂಗೀತ. ಮುಖದ ಮೇಲೆ ಕಪ್ಪು ಕನ್ನಡಕ ಅಂಟಿಸಿದ್ದರು. ಈ ಸಲ ಧ್ವನಿ ತೆಗೆದಿರಲಿಲ್ಲ. ಧ್ವನಿಯನ್ನೇ ಆಟಿಕೆ ಮಾಡಿದ್ದರು. ಕೊಳ್ಳೇಗಾಲದ ಬಸ್ಸಿನಲ್ಲಿ ದೊಡ್ಡವ್ವನನ್ನು ಕಂಡ ಹುಡುಗಿಯರು, "ಬಳೆ ಅಜ್ಜಿ! ಒಂದು ಫೋಟೋ ಅಜ್ಜಿ" ಎಂದು ಮುತ್ತಿಕೊಂಡರಂತೆ. ಯಾರೂ ಹಾಲಿನ ಬಗ್ಗೆ ಕೇಳಲಿಲ್ಲವಂತೆ. ಟೀ ಹೋಟೆಲಿನವನೂ ಆ ವಿಡಿಯೋ ನೋಡಿ ನಕ್ಕ, ಹಾಲು ಮಾತ್ರ ಬೇಡವೆಂದೇ ಇದ್ದ.

ಸರ್ ನನ್ನನ್ನು ಕರೆಸಿದರು. ಹೋದೆ. ಮೇಜಿನ ಮೇಲೆ ಮೈಸೂರುಪಾಕಿನ ಡಬ್ಬಿ.

"ಬಾಮ್ಮ, ಬಾ. ನಮ್ಮ ಚಾನೆಲ್ಲಿನಲ್ಲಿ ಇಷ್ಟು ಜನ ನೋಡಿದ ವಿಡಿಯೋ ಇನ್ನೊಂದಿಲ್ಲ. ನಿನಗೆ ಬೈದೆ, ತಪ್ಪು ತಿಳ್ಕೋಬೇಡ. ನಿಮ್ಮ ದೊಡ್ಡಮ್ಮನ್ನ ಇಟ್ಕೊಂಡು ವಾರಕ್ಕೊಂದು ಕಾರ್ಯಕ್ರಮ ಮಾಡೋಣ. ಅವರ ಭಾಷೆ ಎಷ್ಟು ಸೊಗಸು!"

"ಒಂದು ಸಾಲು ಹೇಳಿ ಸಾಕು ಸರ್. ಅವತ್ತಿನ ಸುದ್ದಿ ತಪ್ಪು, ಅವರು ನೀರು ಬೆರೆಸಿರಲಿಲ್ಲ ಅಂತ."

ಅವರು ಡಬ್ಬಿಯ ಮುಚ್ಚಳ ಹಾಕಿದರು. "ತಪ್ಪಾಯ್ತು ಅಂತ ಚಾನೆಲ್ಲೇ ಹೇಳಿಬಿಟ್ಟರೆ ನಾಳೆ ನಮ್ಮನ್ನ ಯಾರು ನಂಬ್ತಾರೆ? ಯಾರಿಗೂ ಬೇಜಾರಿಲ್ಲ ಈಗ. ಎಲ್ಲ ನಗ್ತಿದ್ದಾರೆ. ಬಿಡಮ್ಮ."

"ನಮ್ಮ ಮನೇಲಿ ಯಾರೂ ನಗ್ತಿಲ್ಲ ಸರ್."

ಅವರು ಡ್ರಾಯರ್ ಎಳೆದು ಸರ್ಟಿಫಿಕೇಟು ತೆಗೆದರು. ದಪ್ಪ ಕಾಗದ, ನೀಲಿ ಸೀಲು, ಸಹಿಯ ಮಸಿ ಇನ್ನೂ ಹಸಿ. ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ನನಗದು ಬೇಕಿತ್ತು. ಬೇಡವೆಂದು ಎಸೆದು ಬರುವ ಧೈರ್ಯ ಓದಿದ ಮನೆತನದವರಿಗೆ ಇರಬಹುದು. ಮೂರು ವರ್ಷ ಹಾಲಿನ ದುಡ್ಡಿನ ಪಾಸಿನಲ್ಲಿ ಓಡಾಡಿದ ನನಗೆ ಅದನ್ನು ಎಸೆಯುವ ಹಕ್ಕಿರಲಿಲ್ಲ. ಮೈಸೂರುಪಾಕು ಮಾತ್ರ ಮುಟ್ಟಲಿಲ್ಲ. ಕಾರ್ಯಕ್ರಮ ಬೇಡ ಎಂದು ಹೇಳಿ ಮೆಟ್ಟಿಲಿಳಿದೆ.

ಮನೆಗೆ ಬೀದಿಯಲ್ಲೇ ಬಂದೆ. ಜಗಲಿಯಲ್ಲಿದ್ದ ದೊಡ್ಡಪ್ಪ ಕಾಗದ ಇಸಿದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ನನ್ನ ಹೆಸರಿನ ಮೇಲೆ ಬೆರಳಾಡಿಸಿದರು. "ಆಗೋಯ್ತಲ್ಲಾ" ಎಂದರು, ಯಾರಿಗೋ ದೂರು ಹೇಳುವವರಂತೆ. ಆಮೇಲೆ ತಾವೇ ಒಳಗೆ ಹೋಗಿ ದೊಡ್ಡವ್ವನನ್ನು ಕರೆದರು.

ದೊಡ್ಡವ್ವ ಕೈ ಒರೆಸಿಕೊಂಡು ಬಂದರು. ಓದಲು ಬರುವುದಿಲ್ಲ, ಆದರೂ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. ಸೀಲನ್ನು ಮುಟ್ಟಿದರು.

"ಇದ್ರಲ್ಲಿ ಏನಂತ ಬರ್ದವ್ರೆ, ಓದು."

ಓದಿದೆ. ನಮ್ಮ ಸಂಸ್ಥೆಯಲ್ಲಿ ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ, ಇವರ ನಡತೆ ಉತ್ತಮವಾಗಿದೆ, ಇವರ ಭವಿಷ್ಯ ಉಜ್ವಲವಾಗಲಿ.

"ಆಲ್ನ ಇಸ್ಯ ಏನಾರ ಅದಾ?"

"ಇಲ್ಲ ದೊಡ್ಡವ್ವ."

ಕಾಗದವನ್ನು ಮಡಿಕೆ ಬೀಳದ ಹಾಗೆ ನನ್ನ ಕೈಗೆ ವಾಪಸು ಇಟ್ಟರು. ತಲೆಯ ಮೇಲೆ ಕೈಯಿಟ್ಟರು.

"ಒಳ್ಳೇದಾಗ್ಲಿ ಕೂಸೇ. ನಿಂದು ಬಂತು. ನಂದು ಇನ್ನೂ ಬರ್ಬೇಕು."